ಕಾಲೇಜು ಸೇರುವ ಮುನ್ನವೇ ಕಾಲೇಜಿನ ರುಚಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ನಂತರದ ಒಂದೆರಡು ವಾರ ರಾಜ್ಯದ ಲಕ್ಷಾಂತರ ಮನೆಗಳಲ್ಲಿ ಒಂದೇ ಪ್ರಶ್ನೆಯ ಚರ್ಚೆ ನಡೆಯುತ್ತದೆ: ಮುಂದೇನು? ವಿಜ್ಞಾನವೇ, ವಾಣಿಜ್ಯವೇ, ಕಲೆಯೇ? ಅಥವಾ ಡಿಪ್ಲೊಮಾ, ಐಟಿಐ? ಉತ್ತರ ಹೇಳಬೇಕಾದ ವಿದ್ಯಾರ್ಥಿಗೆ ಹದಿನೈದು ಹದಿನಾರರ ಪ್ರಾಯ. ಲೆಕ್ಕಶಾಸ್ತ್ರ, ತರ್ಕಶಾಸ್ತ್ರ, ಮನಶ್ಶಾಸ್ತ್ರ ಮುಂತಾದ ವಿಷಯಗಳ ಹೆಸರನ್ನು ಕೇಳಿರಬಹುದೇ ಹೊರತು ಅವುಗಳ ಒಂದು ಪಾಠವನ್ನೂ ಆ ವಿದ್ಯಾರ್ಥಿ ಕೇಳಿರುವುದಿಲ್ಲ. ಪಾಲಿಟೆಕ್ನಿಕ್ಕಿನ ಕಾರ್ಯಾಗಾರದೊಳಗೆ ಕಾಲಿಟ್ಟಿರುವುದಿಲ್ಲ. ಹೀಗಾಗಿ ತೀರ್ಮಾನವನ್ನು ಅಂಕಪಟ್ಟಿ, ನೆಂಟರ ಸಲಹೆ, ಗೆಳೆಯರು ಹಿಡಿದ ದಾರಿ, ಕೆಲವೊಮ್ಮೆ ಊರಿನಿಂದ ಕಾಲೇಜಿಗಿರುವ ಬಸ್ಸಿನ ವೇಳೆ ಕೈಗೊಳ್ಳುತ್ತವೆ. ಎರಡು ವರ್ಷ ಕಳೆದು ದ್ವಿತೀಯ ಪಿಯುಸಿ ಮುಗಿದಾಗ ಇದೇ ಪ್ರಶ್ನೆ ಇನ್ನಷ್ಟು ದುಬಾರಿಯಾಗಿ ಮರಳಿ ಬರುತ್ತದೆ.

ಮಾವಿನಹಣ್ಣನ್ನು ಮೂಸಿ ನೋಡದೆ ಕೊಳ್ಳದ ನಾವು ಮಕ್ಕಳ ಓದನ್ನು ಮಾತ್ರ ಹೆಸರು ಕೇಳಿಯೇ ಕೊಳ್ಳುತ್ತೇವೆ. ಈ ವಿಪರ್ಯಾಸ ನಮ್ಮಲ್ಲಿ ಮಾತ್ರ ಇರುವಂಥದ್ದಲ್ಲ. ಕೆಲವು ದೇಶಗಳು ಇದಕ್ಕೊಂದು ಪರಿಹಾರವನ್ನು ಬಹಳ ಹಿಂದೆಯೇ ಹುಡುಕಲಾರಂಭಿಸಿದವು. ವಿದ್ಯಾರ್ಥಿ ಇನ್ನೂ ಶಾಲೆಯಲ್ಲಿರುವಾಗಲೇ ಆತನನ್ನು ಕೆಲವು ದಿನ, ಕೆಲವು ವಾರ ಅಥವಾ ಒಂದು ಸೆಮಿಸ್ಟರಿನ ಮಟ್ಟಿಗೆ ಶಾಲೋತ್ತರ ಶಿಕ್ಷಣದೊಳಗೆ ಕೂರಿಸುವುದೇ ಆ ಪರಿಹಾರ. ಶಾಲೋತ್ತರ ಎಂದರೆ ವಿಶ್ವವಿದ್ಯಾಲಯವೊಂದೇ ಅಲ್ಲ. ಪಾಲಿಟೆಕ್ನಿಕ್, ವೃತ್ತಿ ತರಬೇತಿ ಕೇಂದ್ರ, ಸಮುದಾಯ ಕಾಲೇಜು ಎಲ್ಲವೂ ಅದರಲ್ಲಿ ಸೇರುತ್ತವೆ. ಜರ್ಮನ್ ಭಾಷೆಯಲ್ಲಿ ಇಂಥ ಓದಿಗೆ ‘ಶ್ನುಪರ್‌ಸ್ಟೂಡಿಯುಮ್’ ಎನ್ನುತ್ತಾರೆ. ಅಕ್ಷರಶಃ ಅರ್ಥ, ಮೂಸಿ ನೋಡುವ ಓದು.

ಮುಂದುವರಿಯುವ ಮೊದಲು ಒಂದು ಸ್ಪಷ್ಟನೆ ಅಗತ್ಯ. ನಾವು ಪಿಯುಸಿ ಎನ್ನುವ 11 ಮತ್ತು 12ನೇ ತರಗತಿಗಳು ಈ ಲೇಖನದಲ್ಲಿ ಪ್ರಸ್ತಾಪವಾಗುವ ಬಹುತೇಕ ದೇಶಗಳಲ್ಲಿ ಪ್ರೌಢಶಾಲೆಯ ಭಾಗವೇ ಆಗಿವೆ. ಅಲ್ಲಿನ ‘ಶಾಲಾ ವಿದ್ಯಾರ್ಥಿ’ ಹದಿನೆಂಟರ ಹತ್ತಿರದವನಿರಬಹುದು. ನಮ್ಮ ವಿದ್ಯಾರ್ಥಿ ಮೊದಲ ಕವಲಿಗೆ ಬಂದು ನಿಲ್ಲುವುದು ಅದಕ್ಕಿಂತ ಎರಡು ವರ್ಷ ಮೊದಲೇ.

ನ್ಯೂಯಾರ್ಕಿನ ಕಾರ್ಖಾನೆ ಕಟ್ಟಡದಲ್ಲಿ

ಅಮೆರಿಕದಲ್ಲಿ ಈ ಕಲ್ಪನೆಯ ಬೇರುಗಳು 1950ರ ದಶಕದಲ್ಲಿವೆ. ಕನೆಕ್ಟಿಕಟ್ ವಿಶ್ವವಿದ್ಯಾಲಯವು 1955ರಲ್ಲಿ ತನ್ನ ಪ್ರಥಮ ವರ್ಷದ ಪಾಠಗಳನ್ನು ಪ್ರೌಢಶಾಲೆಗಳಲ್ಲೇ ಬೋಧಿಸಲು ಏರ್ಪಾಡು ಮಾಡಿತು. ಹೆಚ್ಚುಕಡಿಮೆ ಅದೇ ವೇಳೆಗೆ ಕಾಲೇಜ್ ಬೋರ್ಡ್ ಸಂಸ್ಥೆಯ ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ಕಾರ್ಯಕ್ರಮವೂ ಆರಂಭವಾಯಿತು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ‘ಎಪಿ’ ಎಂಬ ಎರಡಕ್ಷರ ಕೇಳದ ದಿನವಿಲ್ಲ; ಅದು ಇದೇ. ಆದರೆ ಇವೆಲ್ಲ ಚುರುಕಾದ ಮಕ್ಕಳಿಗೆ ಇನ್ನಷ್ಟು ಕೆಲಸ ಕೊಡುವ ಯೋಜನೆಗಳಾಗಿದ್ದವು. ಮುಂದೇನು ಎಂದು ತಿಳಿಯದೆ ಕಂಗಾಲಾದ ವಿದ್ಯಾರ್ಥಿ ಅವುಗಳ ಗಮನದಲ್ಲಿರಲಿಲ್ಲ.

ಆ ವಿದ್ಯಾರ್ಥಿಯನ್ನೇ ನಡುವೆ ಇಟ್ಟುಕೊಂಡ ಪ್ರಯೋಗ ನಡೆದದ್ದು 1974ರಲ್ಲಿ, ನ್ಯೂಯಾರ್ಕ್ ನಗರದ ಕ್ವೀನ್ಸ್ ಪ್ರದೇಶದಲ್ಲಿ. ಅಲ್ಲಿನ ಲಗಾರ್ಡಿಯಾ ಸಮುದಾಯ ಕಾಲೇಜು ಆಗಿನ್ನೂ ಮೂರು ವರ್ಷದ ಕೂಸು. ಹಳೆಯ ಕಾರ್ಖಾನೆಯೊಂದರ ಕಟ್ಟಡದಲ್ಲಿ ತರಗತಿಗಳು ನಡೆಯುತ್ತಿದ್ದವು. ಕಾಲೇಜಿನ ಪ್ರಾಧ್ಯಾಪಕಿ ಜಾನೆಟ್ ಲೀಬರ್‌ಮನ್ ಅವರು ಪ್ರೌಢಶಾಲೆಯೊಂದನ್ನು ಕಾಲೇಜಿನ ಆವರಣದೊಳಗೇ ತೆರೆಯುವ ಯೋಜನೆ ರೂಪಿಸಿದರು. ‘ಮಿಡ್ಲ್ ಕಾಲೇಜ್ ಹೈಸ್ಕೂಲ್’ ಎಂದು ಅದಕ್ಕೆ ಹೆಸರು. ಅಲ್ಲಿಗೆ ಸೇರಿಸಿಕೊಂಡದ್ದು ರ‍್ಯಾಂಕ್ ವಿದ್ಯಾರ್ಥಿಗಳನ್ನಲ್ಲ. ತರಗತಿಗೆ ಸರಿಯಾಗಿ ಬಾರದ, ಫೇಲಾಗುವ, ಇನ್ನೇನು ಶಾಲೆ ಬಿಟ್ಟೇ ಬಿಡುತ್ತಾರೆ ಎಂದು ಶಾಲೆಗಳು ಕೈಚೆಲ್ಲಿದ್ದ ಮಕ್ಕಳನ್ನು.

ಲೀಬರ್‌ಮನ್ ಅವರ ವಾದ ಸರಳವಾಗಿತ್ತು. ಹದಿನಾರರ ಹುಡುಗನಿಗೆ ಉಪದೇಶಕ್ಕಿಂತ ಸ್ಥಳದ ಪ್ರಭಾವ ದೊಡ್ಡದು. ತನಗಿಂತ ಮೂರು ನಾಲ್ಕು ವರ್ಷ ಹಿರಿಯರ ನಡುವೆ ಓಡಾಡುವಾಗ, ಅವರದೇ ಗ್ರಂಥಾಲಯ, ಅವರದೇ ಕ್ಯಾಂಟೀನು, ಅವರದೇ ಆಟದ ಕೊಠಡಿ ಬಳಸುವಾಗ ಆತ ತನ್ನನ್ನು ತಾನೇ ಬೇರೆ ರೀತಿಯಲ್ಲಿ ಕಾಣಲು ಕಲಿಯುತ್ತಾನೆ. ‘ಕಾಲೇಜು ನನ್ನಂಥವರಿಗಲ್ಲ’ ಎಂಬ ಮಾತು ಮನಸ್ಸಿನಿಂದ ನಿಧಾನವಾಗಿ ಜಾರುತ್ತದೆ. ಇದೇ ಆವರಣದಲ್ಲಿ 1985ರಲ್ಲಿ ಹೊಸದಾಗಿ ವಲಸೆ ಬಂದ, ಇಂಗ್ಲಿಷ್ ಸರಿಯಾಗಿ ಬಾರದ ಮಕ್ಕಳಿಗಾಗಿ ಇನ್ನೊಂದು ಪ್ರೌಢಶಾಲೆ ಆರಂಭವಾಯಿತು.

ಅದೇ 1985ರಲ್ಲಿ ಮಿನೆಸೋಟ ರಾಜ್ಯ ಬೇರೊಂದು ಮಾರ್ಗ ಹಿಡಿಯಿತು. ಗವರ್ನರ್ ರೂಡಿ ಪರ್ಪಿಚ್ ಅವರ ಕಾಲದಲ್ಲಿ ಬಂದ ಕಾನೂನಿನಂತೆ 11 ಮತ್ತು 12ನೇ ತರಗತಿಯ ವಿದ್ಯಾರ್ಥಿಗಳು ತಮ್ಮ ಶಾಲೆಯ ಪಾಠದ ಬದಲು ಕಾಲೇಜಿನ ಪಾಠವನ್ನೇ ಆಯ್ದುಕೊಳ್ಳಬಹುದಾಯಿತು. ಶುಲ್ಕವಿಲ್ಲ, ಪುಸ್ತಕದ ಖರ್ಚೂ ಇಲ್ಲ. ಆ ಹಣವನ್ನು ಸರ್ಕಾರವು ಶಾಲೆಗೆ ಕೊಡಬೇಕಾದ ಅನುದಾನದಿಂದಲೇ ಕಾಲೇಜಿಗೆ ಕೊಡುತ್ತದೆ. ವಿದ್ಯಾರ್ಥಿಯ ಹಿಂದೆ ಹಣವೂ ನಡೆದುಹೋಗುವ ಈ ಏರ್ಪಾಡು ಶಾಲೆಗಳಿಗೆ ಹಿಡಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಆದರೂ ಯೋಜನೆ ಉಳಿಯಿತು. 1990ರಲ್ಲಿ ವಾಷಿಂಗ್ಟನ್ ರಾಜ್ಯ ‘ರನ್ನಿಂಗ್ ಸ್ಟಾರ್ಟ್’ ಎಂಬ ಹೆಸರಿನಲ್ಲಿ ಇಂಥದೇ ಕಾನೂನು ತಂದಿತು. ಬೇರೆ ರಾಜ್ಯಗಳೂ ಹಿಂಬಾಲಿಸಿದವು. 2022-23ನೇ ಸಾಲಿನಲ್ಲಿ ಅಮೆರಿಕದಾದ್ಯಂತ ಸುಮಾರು 25 ಲಕ್ಷ ಪ್ರೌಢಶಾಲಾ ವಿದ್ಯಾರ್ಥಿಗಳು ಒಂದಲ್ಲ ಒಂದು ಕಾಲೇಜು ಪಾಠಕ್ಕೆ ಹೆಸರು ನೋಂದಾಯಿಸಿದ್ದರು.

ಇದರಿಂದ ಉಪಯೋಗವಾಯಿತೇ? ಚುರುಕಾದ ಮಕ್ಕಳೇ ಇಂಥ ಯೋಜನೆಗಳಿಗೆ ಸೇರುವುದರಿಂದ ಅವರ ಯಶಸ್ಸನ್ನು ಯೋಜನೆಯ ಯಶಸ್ಸೆಂದು ಬಗೆಯುವ ಅಪಾಯವಿದೆ. ಈ ತೊಡಕನ್ನು ನಿವಾರಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. 2002ರಿಂದ ಅಮೆರಿಕದಲ್ಲಿ ‘ಅರ್ಲಿ ಕಾಲೇಜ್ ಹೈಸ್ಕೂಲ್’ಗಳೆಂಬ ಶಾಲೆಗಳು ತಲೆಯೆತ್ತಿದ್ದವು. ಇವುಗಳಲ್ಲಿ ಕೆಲವಕ್ಕೆ ಅರ್ಜಿಗಳು ಹೆಚ್ಚಾದಾಗ ಚೀಟಿ ಎತ್ತಿ ಪ್ರವೇಶ ಕೊಡಲಾಗುತ್ತಿತ್ತು. ಅಮೆರಿಕನ್ ಇನ್‌ಸ್ಟಿಟ್ಯೂಟ್ಸ್ ಫಾರ್ ರಿಸರ್ಚ್ ಸಂಸ್ಥೆಯವರು 10 ಶಾಲೆಗಳಲ್ಲಿ ಚೀಟಿ ಗೆದ್ದವರನ್ನೂ ಸೋತವರನ್ನೂ ವರ್ಷಗಟ್ಟಲೆ ಹಿಂಬಾಲಿಸಿದರು. ಪ್ರವೇಶ ಪಡೆದವರಲ್ಲಿ ಶೇ 86ರಷ್ಟು ಮಂದಿ ಪ್ರೌಢಶಾಲೆ ಮುಗಿಸಿದರೆ, ಪಡೆಯದವರಲ್ಲಿ ಶೇ 81. ಕಾಲೇಜು ಸೇರಿದವರು ಕ್ರಮವಾಗಿ ಶೇ 80 ಮತ್ತು ಶೇ 71. ಅಧ್ಯಯನದ ಅವಧಿಯೊಳಗೆ ಯಾವುದಾದರೊಂದು ಕಾಲೇಜು ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ 22 ಮತ್ತು ಶೇ 2. ಎರಡೂ ಗುಂಪಿನ ನಡುವೆ ಮೊದಲಿಗಿದ್ದ ವ್ಯತ್ಯಾಸ ಅದೃಷ್ಟದ ಚೀಟಿಯೊಂದೇ ಎಂಬುದನ್ನು ಗಮನಿಸಬೇಕು.

ಅಮೆರಿಕದ ಅನುಭವದಲ್ಲಿ ಎಚ್ಚರಿಕೆಯ ಪಾಠಗಳೂ ಇವೆ. ಯೋಜನೆ ಬೆಳೆದಂತೆ ರುಚಿ ನೋಡುವ ಉದ್ದೇಶ ಹಿಂದೆ ಸರಿದು ಕ್ರೆಡಿಟ್ ಗಳಿಸುವ ಉದ್ದೇಶವೇ ಮುಂದಾಯಿತು. ಪದವಿಯನ್ನು ಒಂದು ವರ್ಷ ಬೇಗ ಮುಗಿಸಿ ಶುಲ್ಕ ಉಳಿಸುವುದು ತಂದೆತಾಯಿಯರ ಲೆಕ್ಕಾಚಾರ. ಅದೇನೂ ತಪ್ಪಲ್ಲ. ಆದರೆ ಹದಿನೇಳರ ಹರೆಯದಲ್ಲಿ ತೆಗೆದುಕೊಂಡ ಕಾಲೇಜು ಪಾಠದಲ್ಲಿ ಕಡಿಮೆ ಶ್ರೇಣಿ ಬಂದರೆ ಅದು ಕಾಲೇಜಿನ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಒಂದು ಕಾಲೇಜು ಕೊಟ್ಟ ಕ್ರೆಡಿಟ್ಟನ್ನು ಇನ್ನೊಂದು ವಿಶ್ವವಿದ್ಯಾಲಯ ಒಪ್ಪಬೇಕೆಂಬ ನಿಯಮ ಎಲ್ಲ ಕಡೆ ಇಲ್ಲ. ಇನ್ನೂ ದೊಡ್ಡ ಕೊರತೆಯೆಂದರೆ, ಕಪ್ಪು ಜನಾಂಗದ ಹಾಗೂ ಲ್ಯಾಟಿನ್ ಅಮೆರಿಕ ಮೂಲದ ವಿದ್ಯಾರ್ಥಿಗಳ ಪಾಲು ಈ ಪಾಠಗಳಲ್ಲಿ ಅವರ ಸಂಖ್ಯೆಗೆ ತಕ್ಕಷ್ಟಿಲ್ಲ. ಅಂಚಿನಲ್ಲಿದ್ದವರಿಗಾಗಿ ಲಗಾರ್ಡಿಯಾದಲ್ಲಿ ಚಿಗುರಿದ ಕಲ್ಪನೆ ದೇಶವ್ಯಾಪಿಯಾಗುವಷ್ಟರಲ್ಲಿ ಮುಂದಿನ ಸಾಲಿನವರ ಕೈ ಸೇರಿತು ಎನ್ನಬೇಕಾಗುತ್ತದೆ.

ನ್ಯೂಜಿಲೆಂಡ್‌ನ ‘ಸ್ಟಾರ್’

ರುಚಿ ನೋಡುವುದನ್ನೇ ಉದ್ದೇಶವಾಗಿಟ್ಟುಕೊಂಡು, ಅದಕ್ಕೆಂದೇ ಸರ್ಕಾರಿ ಹಣ ತೆಗೆದಿಟ್ಟ ದೇಶ ನ್ಯೂಜಿಲೆಂಡ್. 1990ರ ದಶಕದ ಮಧ್ಯಭಾಗದಲ್ಲಿ ಅಲ್ಲಿ ಆರಂಭವಾದ ಯೋಜನೆಯ ಹೆಸರು ‘ಸೆಕೆಂಡರಿ ಟರ್ಷಿಯರಿ ಅಲೈನ್‌ಮೆಂಟ್ ರಿಸೋರ್ಸ್’, ಚಿಕ್ಕದಾಗಿ ‘ಸ್ಟಾರ್’. ಪ್ರೌಢಶಾಲೆಯ ಕೊನೆಯ ಮೂರು ವರ್ಷಗಳ ವಿದ್ಯಾರ್ಥಿಗಳಿಗಾಗಿ ಇರುವ ಈ ಹಣ ನೇರವಾಗಿ ಶಾಲೆಯ ಕೈಗೆ ಬರುತ್ತದೆ. ತನ್ನ ಮಕ್ಕಳಿಗೆ ಏನು ಬೇಕೆಂಬುದನ್ನು ಶಾಲೆಯೇ ತೀರ್ಮಾನಿಸಿ, ಪಾಲಿಟೆಕ್ನಿಕ್ ಅಥವಾ ಖಾಸಗಿ ತರಬೇತಿ ಸಂಸ್ಥೆಯಿಂದ ಅಲ್ಪಾವಧಿಯ ಪಾಠಗಳನ್ನು ಕೊಂಡುಕೊಳ್ಳುತ್ತದೆ. ಹೋಟೆಲ್ ಉದ್ಯಮ, ಬಡಗಿ ಕೆಲಸ, ಕೇಶ ವಿನ್ಯಾಸ, ವಾಹನ ದುರಸ್ತಿ, ಪ್ರವಾಸೋದ್ಯಮ ಮುಂತಾದವುಗಳಲ್ಲಿ ಕೆಲವು ದಿನಗಳ ‘ಟೇಸ್ಟರ್’ ಪಾಠಗಳು ಇದರಡಿ ನಡೆದಿವೆ. ಇದೇ ಹಣದಿಂದ ಗಣಿತದಲ್ಲಿ ಮುಂದಿರುವ ವಿದ್ಯಾರ್ಥಿಯೊಬ್ಬ ವಿಶ್ವವಿದ್ಯಾಲಯದ ಪ್ರಥಮ ವರ್ಷದ ಪತ್ರಿಕೆಯನ್ನು ಓದುವುದಕ್ಕೂ ಅವಕಾಶವಿದೆ.

ಗಮನಿಸಬೇಕಾದ ಸಂಗತಿಯೆಂದರೆ, ಬಡಗಿ ಕೆಲಸ ಕಲಿಯಹೋದವನೂ ವಿಶ್ವವಿದ್ಯಾಲಯದ ಗಣಿತ ಕಲಿಯಹೋದವನೂ ಒಂದೇ ಯೋಜನೆಯ ಫಲಾನುಭವಿಗಳು. ಒಂದು ಬುದ್ಧಿವಂತರಿಗೆ, ಇನ್ನೊಂದು ದಡ್ಡರಿಗೆ ಎಂಬ ಫಲಕ ಅಲ್ಲಿಲ್ಲ. ಯೋಜನೆಯ ಇನ್ನೊಂದು ಗುಣ, ‘ಇದು ನನಗೆ ಬೇಡ’ ಎಂದು ಮರಳಿ ಬರುವ ವಿದ್ಯಾರ್ಥಿಯನ್ನು ಸೋತವನೆಂದು ಕಾಣದಿರುವುದು. ಅಡುಗೆಮನೆಯ ಬಿಸಿಯಲ್ಲಿ ಮೂರು ದಿನ ನಿಂತು ಬಾಣಸಿಗನಾಗುವ ಆಸೆ ಬಿಟ್ಟವನು ಎರಡು ವರ್ಷದ ಶುಲ್ಕವನ್ನೂ ವಯಸ್ಸನ್ನೂ ಉಳಿಸಿಕೊಂಡಂತೆಯೇ.

ಕೊರತೆಗಳೂ ಕಂಡುಬಂದವು. ಎರಡು ದಿನ ಕಾಫಿ ಮಾಡುವುದು, ಒಂದು ದಿನ ಪ್ರಥಮ ಚಿಕಿತ್ಸೆ, ಇನ್ನೆರಡು ದಿನ ಮತ್ತೇನೋ, ಹೀಗೆ ಬಿಡಿ ಬಿಡಿಯಾಗಿ ಸವಿದರೆ ಅದು ಯಾವ ದಾರಿಗೂ ಹಚ್ಚದೆ ಹೋಗಬಹುದು. ಆದ್ದರಿಂದ ಮುಂದಿನ ಹಂತಗಳು ಸೇರಿಕೊಂಡವು. 2001ರಲ್ಲಿ ‘ಗೇಟ್‌ವೇ’ ಎಂಬ ಯೋಜನೆ ಬಂದು ವಿದ್ಯಾರ್ಥಿಗಳು ನಿಜವಾದ ಕೆಲಸದ ಸ್ಥಳಕ್ಕೆ ಹೋಗಿ ಕಲಿಯುವಂತಾಯಿತು. 2010ರಲ್ಲಿ ಆಕ್ಲೆಂಡ್‌ನ ಮನುಕಾವು ತಾಂತ್ರಿಕ ಸಂಸ್ಥೆಯ ಆವರಣದಲ್ಲಿ, ಶಾಲೆಯಲ್ಲಿ ನೆಲೆ ಕಾಣದ ವಿದ್ಯಾರ್ಥಿಗಳಿಗೆಂದು ಶಾಲೆ ಮತ್ತು ಶಾಲೋತ್ತರ ಕಲಿಕೆಯನ್ನು ಬೆಸೆದ ವಿಭಾಗ ತೆರೆಯಿತು. ಲಗಾರ್ಡಿಯಾದ ನೆನಪು ತರುವ ಪ್ರಯೋಗವಿದು. ಮರುವರ್ಷದಿಂದ ‘ಟ್ರೇಡ್ಸ್ ಅಕಾಡೆಮಿ’ಗಳು ಆರಂಭವಾದವು, ಇಲ್ಲಿನ ವಿದ್ಯಾರ್ಥಿಗಳು ವಾರದಲ್ಲಿ ಒಂದೆರಡು ದಿನ ಪಾಲಿಟೆಕ್ನಿಕ್ಕಿನಲ್ಲಿ, ಉಳಿದ ದಿನ ತಮ್ಮ ಶಾಲೆಯಲ್ಲಿ ಕಲಿಯುತ್ತಾರೆ.

ಯುರೋಪಿನ ಎರಡು ಉದಾಹರಣೆಗಳನ್ನು ಇಲ್ಲಿ ಚಿಕ್ಕದಾಗಿ ಹೇಳಿ ಮುಂದುವರಿಯಬಹುದು. ಜರ್ಮನಿಯ ಕಲೋನ್ ವಿಶ್ವವಿದ್ಯಾಲಯ 2000ದಿಂದ ಶಾಲಾ ವಿದ್ಯಾರ್ಥಿಗಳಿಗೆ ತನ್ನ ಸಾಮಾನ್ಯ ಉಪನ್ಯಾಸಗಳಲ್ಲೇ ಕೂರಲು ಅವಕಾಶ ಕೊಟ್ಟಿದೆ. ಪ್ರತ್ಯೇಕ ತರಗತಿಯಿಲ್ಲ, ಸರಳೀಕರಿಸಿದ ಪಠ್ಯವಿಲ್ಲ. ಪರೀಕ್ಷೆ ಬರೆದು ಪಾಸಾದರೆ ಶಾಲೆ ಮುಗಿಸಿ ಬಂದ ಮೇಲೆ ಅದು ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಸ್ವಿಟ್ಜರ್ಲೆಂಡಿನದು. ಅಲ್ಲಿಯೂ ನಮ್ಮಂತೆಯೇ ಹದಿನೈದು ಹದಿನಾರರ ಪ್ರಾಯದಲ್ಲಿ ಕವಲು ಬರುತ್ತದೆ. ಸುಮಾರು ಮೂರನೆಯ ಎರಡು ಭಾಗದಷ್ಟು ಮಕ್ಕಳು ವೃತ್ತಿ ಶಿಕ್ಷಣಕ್ಕೆ ಹೋಗುತ್ತಾರೆ. ಆದರೆ ಹೋಗುವ ಮುನ್ನ ಬೇಕರಿಯಲ್ಲೋ ಬ್ಯಾಂಕಿನಲ್ಲೋ ಗಡಿಯಾರದ ಕಾರ್ಖಾನೆಯಲ್ಲೋ ಕೆಲವು ದಿನ ನಿಂತು ನೋಡುವುದು ಅಲ್ಲಿನ ವಾಡಿಕೆ. ಅದನ್ನೂ ‘ಮೂಸಿ ನೋಡುವ’ ಕಲಿಕೆ ಎಂದೇ ಕರೆಯುತ್ತಾರೆ.

ನಮ್ಮಲ್ಲಿ ಏನಿದೆ?

ಭಾರತದಲ್ಲಿ ಇಂಥ ಪ್ರಯತ್ನಗಳು ಇಲ್ಲವೆಂದಲ್ಲ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1999ರಲ್ಲಿ ಆರಂಭಿಸಿದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯ ಹೊಣೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹೊತ್ತಿತ್ತು. ಹನ್ನೊಂದನೇ ತರಗತಿಯಿಂದಲೇ ಪರೀಕ್ಷೆಯ ಮೂಲಕ ಆಯ್ದ ವಿದ್ಯಾರ್ಥಿಗಳಿಗೆ ಶಿಷ್ಯವೇತನದ ಜೊತೆಗೆ ಸಂಶೋಧನಾ ಸಂಸ್ಥೆಗಳ ಶಿಬಿರಗಳಲ್ಲಿ ವಿಜ್ಞಾನಿಗಳೊಡನೆ ಒಡನಾಡುವ ಅವಕಾಶ ದೊರೆಯುತ್ತಿತ್ತು. 2022ರಲ್ಲಿ ಈ ಪರೀಕ್ಷೆಯನ್ನು ಕೈಬಿಟ್ಟು ಯೋಜನೆಯನ್ನು ‘ಇನ್‌ಸ್ಪೈರ್’ನೊಳಗೆ ವಿಲೀನಗೊಳಿಸಲಾಯಿತು. 2008ರ ಡಿಸೆಂಬರ್‌ನಲ್ಲಿ ಚಾಲನೆ ಪಡೆದ ಇನ್‌ಸ್ಪೈರ್‌ನ ಒಂದು ಅಂಗವೇ ಐದು ದಿನಗಳ ವಿಜ್ಞಾನ ಶಿಬಿರ. ಹತ್ತನೇ ತರಗತಿಯ ಮಂಡಳಿ ಪರೀಕ್ಷೆಯಲ್ಲಿ ಮೊದಲ ಶೇ 1ರೊಳಗೆ ಬಂದು, ಹನ್ನೊಂದರಲ್ಲಿ ವಿಜ್ಞಾನ ಓದುತ್ತಿರುವವರಿಗಾಗಿ ಅದನ್ನು ರೂಪಿಸಲಾಯಿತು.

ಇಸ್ರೋ 2019ರಲ್ಲಿ ಆರಂಭಿಸಿದ ‘ಯುವಿಕಾ’ ಒಂಬತ್ತನೇ ತರಗತಿಯ ಮಕ್ಕಳಿಗೆ ಎರಡು ವಾರಗಳ ಕಾಲ ಬಾಹ್ಯಾಕಾಶ ಕೇಂದ್ರಗಳ ಒಳಗನ್ನು ತೋರಿಸುತ್ತದೆ. ಆಯ್ಕೆಯಲ್ಲಿ ಗ್ರಾಮೀಣ ಶಾಲೆಯವರಿಗೆ ಹೆಚ್ಚುವರಿ ಅಂಕವಿದೆ; ಆದರೆ ಸ್ಥಾನಗಳು ಕೆಲವೇ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು 2017ರ ಜುಲೈನಲ್ಲಿ ತನ್ನ 38 ಪ್ರಯೋಗಾಲಯಗಳನ್ನು 1,151 ಕೇಂದ್ರೀಯ ವಿದ್ಯಾಲಯಗಳೊಂದಿಗೆ ಜೋಡಿಸುವ ‘ಜಿಜ್ಞಾಸಾ’ ಆರಂಭಿಸಿತು. ಮೈಸೂರಿನ ಸಿಎಫ್‌ಟಿಆರ್‌ಐ, ಬೆಂಗಳೂರಿನ ಎನ್‌ಎಎಲ್ ಈ ಪರಿಷತ್ತಿನ ಪ್ರಯೋಗಾಲಯಗಳೇ. 2019ರ ‘ವಿಜ್ಞಾನ ಜ್ಯೋತಿ’ಯು 9ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ ಮೀಸಲಾಗಿದ್ದು, ನವೋದಯ ವಿದ್ಯಾಲಯಗಳನ್ನು ಕೇಂದ್ರವಾಗಿಟ್ಟುಕೊಂಡಿದೆ. ಮದ್ರಾಸ್ ಐಐಟಿ ಶಾಲೆಗಳ ಮೂಲಕ ಎಂಟು ವಾರಗಳ ಅಂತರಜಾಲ ಪಾಠಗಳನ್ನು ನಡೆಸುತ್ತಿದೆ.

ಪಟ್ಟಿ ದೊಡ್ಡದೇ. ಆದರೆ ಇವುಗಳ ಒಟ್ಟು ಸ್ವರೂಪ ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಬಹುತೇಕ ಎಲ್ಲವೂ ವಿಜ್ಞಾನಕ್ಕೆ ಸಂಬಂಧಿಸಿದವು. ಬಹುತೇಕ ಎಲ್ಲಕ್ಕೂ ಅಂಕವೇ ಪ್ರವೇಶದ ಚೀಟಿ. ವಿಜ್ಞಾನವನ್ನೇ ಓದುವುದೆಂದು ಈಗಾಗಲೇ ನಿರ್ಧರಿಸಿದ, ಅದರಲ್ಲಿ ಮುಂದೂ ಇರುವ ವಿದ್ಯಾರ್ಥಿಗೆ ವಿಜ್ಞಾನದ ರುಚಿ ತೋರಿಸಲಾಗುತ್ತಿದೆ. ಶೇ 55 ಅಂಕ ಪಡೆದು, ವಾಣಿಜ್ಯವೋ ಡಿಪ್ಲೊಮಾವೋ ತಿಳಿಯದೆ, ಮನೆಯಲ್ಲಿ ಕೇಳಲು ಕಾಲೇಜು ಕಂಡವರಿಲ್ಲದ ವಿದ್ಯಾರ್ಥಿಗೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ಲಗಾರ್ಡಿಯಾ ಮತ್ತು ಮನುಕಾವು ಆರಂಭಿಸಿದ ತುದಿ ಒಂದಾದರೆ ನಾವು ಆರಂಭಿಸಿರುವುದು ಇನ್ನೊಂದು ತುದಿಯಿಂದ. ಪ್ರತಿಭೆಯನ್ನು ಗುರುತಿಸುವುದು ಅಗತ್ಯ, ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ಪ್ರತಿಭಾ ಶೋಧ ಬೇರೆ, ದಾರಿ ತೋರಿಸುವುದು ಬೇರೆ. ಮೊದಲನೆಯದಕ್ಕೆ ನೂರರಲ್ಲಿ ಒಬ್ಬ ಸಾಕು. ಎರಡನೆಯದು ಉಳಿದ ತೊಂಬತ್ತೊಂಬತ್ತು ಮಂದಿಯದು.

ಕರ್ನಾಟಕದಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಲು ಪಿಯುಸಿಯ ರಚನೆಯೂ ಕಾರಣ. ದ್ವಿತೀಯ ಪಿಯುಸಿಯನ್ನು ವಿಜ್ಞಾನದಲ್ಲಿ ಮುಗಿಸಿದವರು ಮುಂದೆ ಬಿ.ಕಾಂ.ಗೋ ಬಿ.ಎ.ಗೋ ಸೇರಬಹುದು. ಕಲಾ ವಿಭಾಗದಲ್ಲಿ ಓದಿದವರು ಎಂಜಿನಿಯರಿಂಗ್‌ಗೆ ಹೋಗುವಂತಿಲ್ಲ. ಆದ್ದರಿಂದ ‘ಮೊದಲು ಸೈನ್ಸ್ ತೊಗೊ, ಆಮೇಲೆ ನೋಡೋಣ’ ಎನ್ನುವ ತಂದೆತಾಯಿಯರನ್ನು ಮೂರ್ಖರೆನ್ನಲಾಗದು. ಒಮ್ಮೆ ನೋಡಿ ತೀರ್ಮಾನಿಸುವ ಅವಕಾಶ ಇಲ್ಲದಿರುವಾಗ ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟುಕೊಳ್ಳುವುದು ವಿವೇಕವೇ. ಅದರ ಬೆಲೆಯನ್ನು ಮಾತ್ರ ಭೌತವಿಜ್ಞಾನದ ಪುಸ್ತಕದೆದುರು ಎರಡು ವರ್ಷ ಕಣ್ಣುತುಂಬಿಕೊಂಡು ಕೂರುವ ಮಗು ತೆರುತ್ತದೆ. ಇತ್ತ ಎಂಟನೇ ತರಗತಿಯಿಂದಲೇ ‘ಫೌಂಡೇಶನ್’ ಎಂಬ ಹೆಸರಿನಲ್ಲಿ ನೀಟ್, ಜೆಇಇ ತರಬೇತಿಗೆ ಸೇರುವ ನಗರದ ಮಕ್ಕಳೂ ಇದ್ದಾರೆ. ವೈದ್ಯಕೀಯ ಕಾಲೇಜಿನ ಬಾಗಿಲು ತೆರೆಯುವ ಪರೀಕ್ಷೆಗೆ ಅವರು ನಾಲ್ಕೈದು ವರ್ಷ ಸಿದ್ಧರಾಗುತ್ತಾರೆ. ಆಸ್ಪತ್ರೆಯ ಒಂದು ವಾರ್ಡಿನಲ್ಲಿ ಒಂದು ದಿನ ನಿಂತು ನೋಡಿರುವುದಿಲ್ಲ.

ಇತಿಹಾಸವನ್ನು ಸ್ವಲ್ಪ ಕೆದಕಿದರೆ ಕುತೂಹಲದ ಸಂಗತಿಯೊಂದು ಸಿಗುತ್ತದೆ. ‘ವಿಶ್ವವಿದ್ಯಾಲಯ ಪೂರ್ವ’ ಎಂಬ ಹೆಸರೇ ಸೂಚಿಸುವಂತೆ ಪಿಯುಸಿ ಒಂದು ಕಾಲದಲ್ಲಿ ವಿಶ್ವವಿದ್ಯಾಲಯಗಳ ಅಧೀನದಲ್ಲಿದ್ದ ಒಂದು ವರ್ಷದ ಕೋರ್ಸು. ಪದವಿ ಕಾಲೇಜಿನಲ್ಲೇ, ಪದವಿ ವಿದ್ಯಾರ್ಥಿಗಳ ನಡುವೆಯೇ ಅದರ ಪಾಠ ನಡೆಯುತ್ತಿತ್ತು. ಕಾಲೇಜಿನ ಗಾಳಿ ತಾಕುವ ವರ್ಷ ಅದು. 1970ರ ದಶಕದಲ್ಲಿ ಕೋರ್ಸು ಎರಡು ವರ್ಷಕ್ಕೆ ಬೆಳೆದು ಪ್ರತ್ಯೇಕ ವ್ಯವಸ್ಥೆಯಾಯಿತು. ಇಂದು ಪದವಿಪೂರ್ವ ಶಿಕ್ಷಣ ಶಾಲೆಗಳ ಬದಿಗೆ ಸರಿದಿದೆ. 2022ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಪರೀಕ್ಷೆಗಳೆರಡೂ ಒಂದೇ ಮಂಡಳಿಯಡಿ ಬಂದವು. ಆಡಳಿತದ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ಪಿಯು ವಿದ್ಯಾರ್ಥಿಗೆ ಪದವಿ ಕಾಲೇಜು ಈಗ ಬೇರೆಯೇ ಲೋಕ.

ಒಂದೇ ಆವರಣ, ಮೂರು ಇಲಾಖೆ

ನಮ್ಮಲ್ಲಿ ಇಂಥ ಏರ್ಪಾಡು ಸಾಧ್ಯವೇ? ಕಟ್ಟಡಗಳ ಮಟ್ಟಿಗೆ ಹೇಳುವುದಾದರೆ ಸಾಧ್ಯತೆ ಬಹಳಷ್ಟಿದೆ. ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿದ್ದು, ತಾಲ್ಲೂಕು ಕೇಂದ್ರಗಳವರೆಗೂ ಹರಡಿವೆ. ‘ಸರ್ಕಾರಿ ಪದವಿಪೂರ್ವ ಕಾಲೇಜು, ಪ್ರೌಢಶಾಲಾ ವಿಭಾಗ’ ಎಂಬ ಫಲಕವನ್ನು ಯಾವ ತಾಲ್ಲೂಕಿನಲ್ಲಿ ಓಡಾಡಿದವರೂ ಕಂಡಿರುತ್ತಾರೆ. ಒಂದೇ ಆವರಣ, ಒಂದೇ ಗೇಟು. ಒಂದು ಬದಿಯಲ್ಲಿ ಹತ್ತನೇ ತರಗತಿ, ಇನ್ನೊಂದು ಬದಿಯಲ್ಲಿ ಪಿಯುಸಿ ಪ್ರಯೋಗಾಲಯ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಂತೂ ಎಲ್‌ಕೆಜಿಯಿಂದ ಪಿಯುಸಿಯವರೆಗೆ ಒಂದೇ ಸೂರು. ಲೀಬರ್‌ಮನ್ ಅವರು ಹೋರಾಡಿ ಪಡೆದ ‘ಸ್ಥಳ’ ನಮಗೆ ಆಗಲೇ ದೊರೆತಿದೆ. ಹತ್ತನೇ ತರಗತಿಯ ವಿದ್ಯಾರ್ಥಿ ಆ ಅಂಗಳ ದಾಟಿ ಲೆಕ್ಕಶಾಸ್ತ್ರದ ಒಂದು ವಾರದ ಪಾಠ ಕೇಳಲು ಕಟ್ಟಡ ಬೇಡ, ಬಸ್ಸೂ ಬೇಡ. ವೇಳಾಪಟ್ಟಿಯಲ್ಲಿ ಜಾಗ ಬೇಕು.

ತೊಡಕಿರುವುದು ಕಾಗದದ ಮೇಲೆ. ಪ್ರೌಢಶಾಲೆ ಮತ್ತು ಪಿಯುಸಿ ಶಾಲಾ ಶಿಕ್ಷಣ ಇಲಾಖೆಗೆ ಸೇರಿದರೆ, ಪದವಿ ಕಾಲೇಜು ಮತ್ತು ಪಾಲಿಟೆಕ್ನಿಕ್ಕುಗಳು ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯವು. ಐಟಿಐಗಳನ್ನು ನೋಡಿಕೊಳ್ಳುವುದು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ. ಹದಿನೈದರ ಹುಡುಗಿಯೊಬ್ಬಳು ಒಂದು ವಾರ ಪಾಲಿಟೆಕ್ನಿಕ್ಕಿನಲ್ಲಿ, ಒಂದು ವಾರ ಐಟಿಐಯಲ್ಲಿ, ಒಂದು ವಾರ ಪದವಿ ಕಾಲೇಜಿನಲ್ಲಿ ಕೂತು ನೋಡಬೇಕೆಂದರೆ ಮೂರು ಇಲಾಖೆಗಳ ಸುತ್ತೋಲೆ ಬೇಕು. ಆಕೆಯ ಹಾಜರಾತಿ ಯಾರದು, ಯಂತ್ರದ ಬಳಿ ಗಾಯವಾದರೆ ಹೊಣೆ ಯಾರದು, ಊಟ ಮತ್ತು ಪ್ರಯಾಣದ ವೆಚ್ಚ ಯಾರದು ಎಂಬ ಪ್ರಶ್ನೆಗಳಿಗೆ ಮೊದಲೇ ಉತ್ತರ ಇರಬೇಕು. ನ್ಯೂಜಿಲೆಂಡ್ ಈ ಗಂಟನ್ನು ಬಿಡಿಸಿದ್ದು ಹಣವನ್ನು ಶಾಲೆಯ ಕೈಗೆ ಕೊಟ್ಟು; ಯಾರ ಬಳಿ ಹಣವಿದೆಯೋ ಅವರ ಮಾತಿಗೆ ಉಳಿದವರು ಓಗೊಡುತ್ತಾರೆ.

ಕ್ರೆಡಿಟ್ ವಿಚಾರದಲ್ಲಿ 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆ, ವೃತ್ತಿ ಶಿಕ್ಷಣ ಮತ್ತು ಉನ್ನತ ಶಿಕ್ಷಣಗಳನ್ನು ಒಂದೇ ಅಳತೆಗೋಲಿಗೆ ತಂದಿದೆ. ವರ್ಷಕ್ಕೆ 1,200 ಗಂಟೆಗಳ ಕಲಿಕೆಗೆ 40 ಕ್ರೆಡಿಟ್ ಎಂಬುದು ಅದರ ಲೆಕ್ಕ. ಕಾಗದದ ಮೇಲೆ ಬಾಗಿಲು ತೆರೆದಿದೆ ಎನ್ನಬಹುದು. ಆದರೆ ನಮ್ಮ ಸದ್ಯದ ಅಗತ್ಯ ಕ್ರೆಡಿಟ್ ಅಲ್ಲವೆಂದೇ ಈ ಲೇಖಕನ ಅಭಿಪ್ರಾಯ. ಅಂಕ ಬಂದ ಕೂಡಲೇ ಟ್ಯೂಷನ್ ಬರುತ್ತದೆ, ಟ್ಯೂಷನ್ ಬಂದ ಕೂಡಲೇ ರುಚಿ ಹೋಗುತ್ತದೆ. ಪರೀಕ್ಷೆಯಿಲ್ಲದ, ಆದರೆ ಕೈಗೆ ಕೆಲಸವಿರುವ ಒಂದು ವಾರ ಸಾಕು. ಕಟ್ಟಡ ತೋರಿಸಿ, ಭಾಷಣ ಕೇಳಿಸಿ, ಬಿಸ್ಕೆಟ್ ಕೊಟ್ಟು ಕಳಿಸುವ ಒಂದು ದಿನದ ಭೇಟಿ ಸಾಲದು, ಅದು ಪ್ರವಾಸವಾಗುತ್ತದೆ. ಪಾಲಿಟೆಕ್ನಿಕ್ಕಿಗೆ ಹೋದವಳು ಒಂದು ತುಂಡು ಕಬ್ಬಿಣವನ್ನು ಅಳತೆಗೆ ಅರದಿಂದ ಉಜ್ಜಿ ನೋಡಬೇಕು. ವಾಣಿಜ್ಯ ತರಗತಿಗೆ ಹೋದವನು ಒಂದು ಅಂಗಡಿಯ ಖಾತೆ ಬರೆದು ತಾಳೆ ನೋಡಬೇಕು.

ಇದೆಲ್ಲ ಆಗುವವರೆಗೆ ತಂದೆತಾಯಿಯರು ಸ್ವಂತವಾಗಿ ಮಾಡಬಹುದಾದದ್ದೂ ಸ್ವಲ್ಪ ಇದೆ. ಭಾರತೀಯ ವಿಜ್ಞಾನ ಸಂಸ್ಥೆ ಪ್ರತಿವರ್ಷ ಒಂದು ದಿನ ತನ್ನ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೆ ತೆರೆದಿಡುತ್ತದೆ. ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್‌ನ ಒಂದು ಶನಿವಾರ. ಅಂದು ಅಲ್ಲಿ ವಿವರಿಸುವವರು ಸಂಶೋಧನಾ ವಿದ್ಯಾರ್ಥಿಗಳೇ ಆದ್ದರಿಂದ ‘ನಿಮ್ಮ ದಿನ ಹೇಗಿರುತ್ತದೆ?’ ಎಂದು ಕೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಬೆಂಗಳೂರಿನ ಜಿಕೆವಿಕೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಮೇಳ ರೈತರಿಗಷ್ಟೇ ಅಲ್ಲ, ಬಿ.ಎಸ್ಸಿ. ಕೃಷಿ ಓದಬೇಕೆಂದಿರುವ ಮಗುವಿಗೂ ನೋಡತಕ್ಕದ್ದು. ‘ಸ್ವಯಂ’ ಜಾಲತಾಣದಲ್ಲಿ ಪದವಿ ಮಟ್ಟದ ಪಾಠಗಳು ಉಚಿತವಾಗಿ ದೊರೆಯುತ್ತವೆ. ಅರ್ಥಶಾಸ್ತ್ರ ಬೇಕೋ ಬೇಡವೋ ಎಂಬ ಗೊಂದಲಕ್ಕೆ ಮೊದಲ ಎರಡು ಉಪನ್ಯಾಸಗಳೇ ಸಾಕಷ್ಟು ಉತ್ತರ ಕೊಡುತ್ತವೆ.

ಡಿಪ್ಲೊಮಾ ಬಗ್ಗೆ ಯೋಚಿಸುವವರು ತಿಳಿದಿರಬೇಕಾದ ಇನ್ನೊಂದು ಅಂಶವಿದೆ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಎಂಜಿನಿಯರ್ ಆಗಲು ಪಿಯುಸಿ ವಿಜ್ಞಾನವೊಂದೇ ದಾರಿಯೆಂಬ ನಂಬಿಕೆ ಸರಿಯಲ್ಲ. ಹತ್ತಿರದ ಸರ್ಕಾರಿ ಪಾಲಿಟೆಕ್ನಿಕ್ಕಿನ ಪ್ರಾಂಶುಪಾಲರನ್ನು ಭೇಟಿಯಾಗಿ, ಮಗುವಿಗೆ ಒಂದು ಬೆಳಗ್ಗೆ ಕಾರ್ಯಾಗಾರದಲ್ಲಿ ನಿಂತು ನೋಡಲು ಅನುಮತಿ ಕೇಳಬಹುದು. ಹಾಗೆ ಕೇಳುವವರು ವಿರಳ. ಕೇಳುವುದಾದರೆ ಫಲಿತಾಂಶದ ನಂತರ ಅಲ್ಲ, ಒಂಬತ್ತನೇ ತರಗತಿಯ ಬೇಸಿಗೆ ರಜೆಗೆ ಮುನ್ನವೇ ಕೇಳುವುದು ಒಳ್ಳೆಯದು. ರಜೆ ಆರಂಭವಾದ ಮೇಲೆ ಕಾರ್ಯಾಗಾರಗಳೂ ಪರೀಕ್ಷೆಯ ಗಡಿಬಿಡಿಯಲ್ಲಿರುತ್ತವೆ.